ಅಕ್ಕನ ತಕ್ಕಡಿಯಲ್ಲಿ ಮೋಸಂಬಿ

ನಮ್ಮ ಅಕ್ಕನಿಗೂ ಮೋಸಂಬಿ ಹಣ್ಣಿಗೂ ನಲವತ್ತು ವರ್ಷದ ವೈರ. ಮೋಸಂಬಿಗೆ ಈ ಸಂಗತಿ ಗೊತ್ತಿಲ್ಲ, ಪಾಪ! ಅದು ಎಂದಿನಂತೆ ಬಸ್ ನಿಲ್ದಾಣದ ಮುಂದಿನ ತಳ್ಳುಗಾಡಿಯಲ್ಲಿ ಗೋಪುರ ಕಟ್ಟಿಕೊಂಡು ಹೊಳೆಯುತ್ತ ಕೂತಿರುತ್ತದೆ. ಅದರ ಮುಂದೆ ಹಾಯುವಾಗ ಅಕ್ಕ ಮಾತ್ರ ಸೆರಗು ಬಿಗಿದು, ಮುಖ ಒಂದು ಕಡೆ ತಿರುಗಿಸಿ, ಜಗಳವಾಡಿದ ನೆಗೆಣ್ಣಿಯ ಮನೆ ದಾಟುವವಳ ಹಾಗೆ ದಾಟುತ್ತಾಳೆ.

"ಏನೈತಿ ಅದರಾಗ? ಬರೇ ನೀರ!" ಎಂಬುದು ಅವಳ ತೀರ್ಪು. ಈ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಹಾಗಾದರೆ ನೀರಲ್ಲದ್ದು ಯಾವುದು? ನುಗ್ಗೆ ಸೊಪ್ಪು! ನಮ್ಮ ಕಡೆ ಸೊಪ್ಪಿಗೆ ತಪ್ಪಲ ಎನ್ನುತ್ತೇವೆ. ನುಗ್ಗೆಯ ಕಾಯಿ ಎಲ್ಲರಿಗೂ ಬೇಕು. ಅಕ್ಕನಿಗೆ ಕಾಯಿಯ ಮೇಲೆ ಅಷ್ಟೇನೂ ಮೋಹವಿಲ್ಲ, ತಪ್ಪಲ ಬೇಕು. ಬನಹಟ್ಟಿಯಲ್ಲಿ ಅವಳ ಗಂಡನ ಮನೆಯ ಹಿತ್ತಲಿನಲ್ಲಿ ಒಂದು ನುಗ್ಗೆ ಗಿಡವಿದೆ. ನಮ್ಮ ಅವ್ವನ ಹಿತ್ತಲಿನ ಗಿಡದ ಟೊಂಗೆಯನ್ನು ಮದುವೆಯಾಗಿ ಹೋಗುವಾಗ ಒಯ್ದು ನೆಟ್ಟದ್ದು. ಬೇರೆಯವರು ತವರಿನಿಂದ ತಾಮ್ರದ ಕೊಡ ಒಯ್ಯುತ್ತಾರೆ, ಇವಳು ಟೊಂಗೆ ಒಯ್ದಳು! ಆ ಗಿಡ ಮೈತುಂಬ ಎಲೆ ಹೊತ್ತು ನಿಂತದ್ದನ್ನು ನಾನು ನೋಡಿಯೇ ಇಲ್ಲ. ಚಿಗುರಿದರೆ ಸಾಕು, ಅಕ್ಕ ಕೋಲು ಹಿಡಿದು ಹಾಜರು.

ತಲೆನೋವೇ? ತಪ್ಪಲ. ಮೊಣಕಾಲು ನೋವೇ? ತಪ್ಪಲ. ಮಗು ಓದುತ್ತಿಲ್ಲವೇ? ಅದಕ್ಕೂ ತಪ್ಪಲ! ನಮ್ಮ ಭಾವನದು ನಾಲ್ಕು ಪವರ್‌ಲೂಮ್‌ಗಳ ಮಗ್ಗದ ಮನೆ. ಒಮ್ಮೆ ಮೋಟಾರು ಸುಟ್ಟು ಹೊಗೆ ಬಂದಾಗ ಭಾವ, "ಇದಕ್ಕೂ ಒಂದ ಹಿಡಿ ತಪ್ಪಲ ಹಾಕಿ ನೋಡೂಣೇನ?" ಎಂದು ಕೇಳಿ ಎರಡು ದಿನ ಚಹಾ ಕಳೆದುಕೊಂಡ.

ನಮ್ಮ ಕಡೆ ಯಾರಾದರೂ ದವಾಖಾನೆ ಸೇರಿದರೆ ನೋಡಲು ಹೋಗುವವರು ಮೋಸಂಬಿ ಒಯ್ಯುವುದು ರೂಢಿ. ಖಾಲಿ ಕೈಯಲ್ಲಿ ಹೋಗುವಂತಿಲ್ಲ. ಅನಗವಾಡಿಯ ನಮ್ಮ ಸೋದರತ್ತೆ ಕಾಲು ಮುರಿದುಕೊಂಡು ಜಮಖಂಡಿಯ ದವಾಖಾನೆಯಲ್ಲಿ ಮಲಗಿದ್ದಳು. ಅವಳ ಮಂಚದ ಪಕ್ಕ ಮೋಸಂಬಿಯ ಚೀಲಗಳು ಸಾಲುಗಟ್ಟಿದ್ದವು. ನಾನೂ ಒಂದು ಚೀಲ ಸೇರಿಸಿದೆ. ಜೊತೆಗೆ ಬಂದಿದ್ದ ಅಕ್ಕ ಬಗಲಲ್ಲಿದ್ದ ಗಂಟು ಬಿಚ್ಚಿ, ಹಾಸಿಗೆಯ ಮೇಲೆ ಒಂದು ರಾಶಿ ನುಗ್ಗೆ ತಪ್ಪಲ ಸುರುವಿದಳು! ಆ ಕೋಣೆಯ ರೋಗಿಗಳೆಲ್ಲ ತಮ್ಮ ತಮ್ಮ ನೋವು ಮರೆತು ಎದ್ದು ಕೂತರು.

"ಅತ್ತಿ, ಈ ಹಣ್ಣಿನ ರಸಾ ಕುಡಕೋತ ಕುಂತ್ರ ಎಲುಬ ಕೂಡಂಗಿಲ್ಲ. ಸುಣ್ಣದಂಶ ಅಂದ್ರ ಈ ತಪ್ಪಲದಾಗ ಐತಿ. ದಿನಾ ಇಷ್ಟ ತಿನ್ನು," ಎಂದಳು ಅಕ್ಕ.

ಅತ್ತೆ ತಪ್ಪಲದ ರಾಶಿ ನೋಡಿದಳು, ಅಕ್ಕನ ಮುಖ ನೋಡಿದಳು.

"ನಂದು ಕಾಲ ಮುರದೈತವಾ. ನಾ ಏನ ಆಡ ಆಗಿಲ್ಲ!"

ನಾಚಿಕೆಯಿಂದ ನಾನು ಕಿಟಕಿಯ ಹೊರಗೆ ನೋಡುತ್ತ ನಿಂತೆ, ಈ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ. ಅಕ್ಕನ ವಿಷಯದಲ್ಲಿ ನಾನು ಮೊದಲಿನಿಂದಲೂ ಕಿಟಕಿಯ ಹೊರಗೆ ನೋಡುವವನೇ. ಅದನ್ನೂ ಮುಂದೆ ಹೇಳುತ್ತೇನೆ.

ಇನ್ನು ತಕ್ಕಡಿಯ ಸಂಗತಿ. ಭಾವನ ಮಗ್ಗದ ಮನೆಯಲ್ಲಿ ನೂಲು ತೂಗುವ ಎರಡು ತಟ್ಟೆಯ ಹಳೆಯ ತಕ್ಕಡಿಯೊಂದಿದೆ. ಒಂದು ದಿನ ಅಕ್ಕ ಅದರ ಒಂದು ತಟ್ಟೆಯಲ್ಲಿ ಒಂದೇ ಒಂದು ಮೋಸಂಬಿ ಇಟ್ಟಳು. (ಹಣ್ಣು ಎಲ್ಲಿಯದು ಎನ್ನುತ್ತೀರಾ? ಪಕ್ಕದ ಮನೆಯಿಂದ ಕಡ ತಂದದ್ದು. ವೈರಿಯನ್ನು ಕೊಂಡು ತರುವವಳಲ್ಲ ಅವಳು!) ಇನ್ನೊಂದು ತಟ್ಟೆಗೆ ಬಿಡಿಸಿದ ನುಗ್ಗೆ ಎಲೆ ಹಾಕುತ್ತ ಹೋದಳು. ಹಾಕಿದಳು, ಹಾಕಿದಳು. ಎಲೆ ತಟ್ಟೆ ತುಂಬಿ ಹೊರಗೆ ಚೆಲ್ಲುವ ಹಾಗಾದರೂ ಮೋಸಂಬಿ ಮೇಲೇಳಲಿಲ್ಲ. ಕೊನೆಗೆ ಹೇಗೋ ಸಮ ಆಯಿತು. ಅಕ್ಕನ ಮಗಳು ಜಮಖಂಡಿಯಲ್ಲಿ ಕಾಲೇಜು ಓದುವ ಹುಡುಗಿ, ಅವಳನ್ನು ಕರೆದು, "ಈಗ ಮೊಬೈಲ್‌ನ್ಯಾಗ ನೋಡ. ತೂಕ ಸಮ ಆಗೈತಿ. ಶಕ್ತಿ ಯಾವದರಾಗ ಹೆಚ್ಚ ಐತಿ ಹೇಳ," ಎಂದಳು.

ಹುಡುಗಿ ಬೆರಳಾಡಿಸಿ ಓದಿದಳು. ಸಮತೂಕದಲ್ಲಿ ಹಿಡಿದರೆ ಕಬ್ಬಿಣದಂಶ ತಪ್ಪಲದಲ್ಲಿಯೇ ಹೆಚ್ಚು. ಸುಣ್ಣದಂಶವೂ ಹೆಚ್ಚು. ಅಷ್ಟೇ ಅಲ್ಲ, ಮೋಸಂಬಿ ಯಾವುದಕ್ಕೆ ಹೆಸರಾಗಿದೆಯೋ ಆ ಸಿ ಜೀವಸತ್ವವೂ ಹಸಿ ತಪ್ಪಲದಲ್ಲಿಯೇ ಹೆಚ್ಚು! ಐದನೇ ಇಯತ್ತೆಗೆ ಸಾಲಿ ಬಿಟ್ಟು ಮಗ್ಗಕ್ಕೆ ನಿಂತ ನನಗೆ ಈ ಸತ್ವಗಳ ಗುರುತಿಲ್ಲ. ಆದರೆ ಅಕ್ಕನ ಮುಖ ಚುನಾವಣೆ ಗೆದ್ದವರ ಮುಖದಂತೆ ಆದದ್ದು ನನಗೂ ಕಂಡಿತು.

"ಆದ್ರ ಯವ್ವಾ, ತಪ್ಪಲ ಕುದಿಸಿದ್ರ ಆ ಸಿ ಭಾಳಷ್ಟ ಹೋಗಿಬಿಡ್ತೈತಂತ. ಹಣ್ಣನ್ನ ಹಸೀನ ತಿಂತೀವಲ್ಲ, ಅದಕ್ಕ ಹಣ್ಣಿನ್ಯಾಗ..."

"ಸಾಕ ಸಾಕ. ಮುಂದ ಓದಬ್ಯಾಡ. ಕಣ್ಣ ಕೆಡತಾವ!"

ಮೊಬೈಲ್ ಕೂಡ ಒಪ್ಪಿದೆ ಎಂಬ ಸುದ್ದಿ ಅಂದು ಸಂಜೆಯೊಳಗೆ ಓಣಿಯ ತುಂಬ ಹರಡಿತು. ಕುದಿಸಿದರೆ ಏನಾಗುತ್ತದೆ ಎಂಬುದು ಮಾತ್ರ ಮನೆ ಬಿಟ್ಟು ಹೊರಗೆ ಬರಲಿಲ್ಲ.

ಅದೇ ಹುರುಪಿನಲ್ಲಿ ಅಕ್ಕ ನಮ್ಮ ಓಣಿಯ ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಹೋದಳು. ಉಡಿ ತುಂಬುವಾಗ ಐದು ಬಗೆಯ ಹಣ್ಣು ಇಡಬೇಕಲ್ಲ? ಅಕ್ಕ ನಾಲ್ಕು ಬಗೆಯ ಹಣ್ಣಿಟ್ಟು, ಐದನೆಯದಾದ ಮೋಸಂಬಿಯ ಜಾಗದಲ್ಲಿ ನುಗ್ಗೆ ತಪ್ಪಲದ ಸೂಡು ಇಟ್ಟಳು. ಬಸುರಿಯ ಅತ್ತೆ ಹಾಡು ನಿಲ್ಲಿಸಿದಳು.

"ಏನ ಬೇ ಇದು? ಉಡಿ ತುಂಬಾಕ ಬಂದಿಯೋ, ಸಂತಿ ಮುಗಿಸ್ಕೊಂಡ ಹಂಗ ಹಾದ ಬಂದಿಯೋ?"

"ಕೂಸಿಗೆ ರಕ್ತ ಬ್ಯಾಡೇನ್ರಿ?" ಎಂದು ಅಕ್ಕ ತಿರುಗಿ ಕೇಳಿದಳಂತೆ. ಮೂರು ತಿಂಗಳ ಮೇಲೆ ಆ ಬಸುರಿಗೆ ಗುಂಡುಗುಂಡನೆಯ ಮಗು ಹುಟ್ಟಿತು. ಅದರ ಯಶಸ್ಸು ಯಾರಿಗೆ ಹೋಯಿತೆಂದು ಬೇರೆ ಹೇಳಬೇಕೇ? ತಾಯಿಗೂ ಅಲ್ಲ, ತಂದೆಗೂ ಅಲ್ಲ!

ಇಲ್ಲಿಯವರೆಗೆ ನಕ್ಕಿರಲ್ಲ, ಇನ್ನು ನನ್ನ ಸಂಗತಿ ಕೇಳಿರಿ. ಇದನ್ನು ಹೇಳಲಿಕ್ಕೆಂದೇ ಇಷ್ಟೆಲ್ಲ ಹೇಳಿದೆ.

ನಾಲ್ಕು ವರ್ಷದ ಹಿಂದೆ ನನಗೆ ಜ್ವರ ಬಂದು, ಬಿಟ್ಟು, ಮತ್ತೆ ಬಂದು, ಮೈಯಲ್ಲಿ ರಕ್ತವೇ ಇಲ್ಲದಂತಾಯಿತು. ಮಗ್ಗದ ಮುಂದೆ ನಿಂತರೆ ಕಣ್ಣು ಕತ್ತಲೆ. ಜಮಖಂಡಿಯ ಡಾಕ್ಟರಮ್ಮ ರಕ್ತ ಹೆಚ್ಚುವ ಗುಳಿಗೆ ಬರೆದುಕೊಟ್ಟು, ಹಣ್ಣು ತಿನ್ನು, ಸೊಪ್ಪು ತಿನ್ನು ಎಂದು ಹೇಳಿ ಕಳಿಸಿದರು. ಈ ಮಾತಿನಲ್ಲಿ ಅಕ್ಕನ ಕಿವಿಗೆ ಬಿದ್ದದ್ದು ಕೊನೆಯದು ಮಾತ್ರ.

"ಗುಳಗಿ ಬಿಡ. ಹಣ್ಣ ಬಿಡ. ಒಂದ ತಿಂಗಳ ನನ್ನ ಕೈಯಾಗ ಇರು ತಮ್ಮಾ," ಎಂದಳು.

ಮರುದಿನದಿಂದ ಶುರುವಾಯಿತು. ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದ ಕೂಡಲೇ ಅಕ್ಕನ ಚಪ್ಪಲಿಯ ಸಪ್ಪಳ ಕೇಳುತ್ತಿತ್ತು. ಕೈಯಲ್ಲಿ ಡಬ್ಬಿ. ಡಬ್ಬಿಯಲ್ಲಿ ಎರಡು ರೊಟ್ಟಿ, ಬೇಳೆ ಹಾಕಿದ ನುಗ್ಗೆ ಪಲ್ಯ. ಜಡ್ಡಿನವನೆಂದು ಖಾರವೂ ಇಲ್ಲ. "ತಿನ್ನು, ನಾ ನೋಡತೀನಿ," ಎಂದು ಎದುರಿಗೆ ಕೂರುವಳು. ನಾನು ರೊಟ್ಟಿಯ ತುಣುಕನ್ನು ಬಾಯಿಯ ಹತ್ತಿರ ಒಯ್ಯುತ್ತ ಕಾಲ ಕಳೆಯುವೆ. ಅಷ್ಟರಲ್ಲಿ ಕರೆಂಟು ಬರುತ್ತಿತ್ತು, ಮಗ್ಗಗಳು ಖಟಖಟ ಎನ್ನುತ್ತಿದ್ದವು, ಅಕ್ಕ ಎದ್ದು ತನ್ನ ಮಗ್ಗಕ್ಕೆ ಓಡುತ್ತಿದ್ದಳು. ವಿದ್ಯುತ್ ಇಲಾಖೆಯವರನ್ನು ಅಷ್ಟು ಪ್ರೀತಿಯಿಂದ ನೆನೆದವನು ಇಡೀ ರಬಕವಿ-ಬನಹಟ್ಟಿಯಲ್ಲಿ ನಾನೊಬ್ಬನೇ ಇರಬೇಕು!

ಮೊದಲನೆಯ ದಿನ ಎರಡು ತುತ್ತು ತಿಂದೆ. ಖರೆ ಹೇಳುತ್ತೇನೆ, ಎರಡೇ. ಜ್ವರದ ನಾಲಿಗೆಗೆ ಅದು ಹುಲ್ಲು ಅಗಿದ ಹಾಗಿತ್ತು. ನನ್ನ ಹಾಸಿಗೆಯ ಪಕ್ಕದ ಕಿಟಕಿಯ ಹೊರಗೆ ಪಕ್ಕದ ಮನೆಯವರು ಒಂದು ಆಡು ಕಟ್ಟುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುವವನು ಎಂದೆನಲ್ಲ? ಆಡೂ ಒಳಗೆ ನೋಡಿತು. ರೊಟ್ಟಿ ನನಗೆ, ಪಲ್ಯ ಅದಕ್ಕೆ ಎಂದು ನಮ್ಮಿಬ್ಬರ ನಡುವೆ ಮಾತಿಲ್ಲದೆ ಒಪ್ಪಂದವಾಯಿತು.

ನಾನೇನು ತಿಂದೆ? ಡಾಕ್ಟರಮ್ಮನ ಗುಳಿಗೆ, ತಪ್ಪದೆ. ಅದರ ಬೆನ್ನಿಗೆ ಮೋಸಂಬಿ, ದಿನಕ್ಕೆರಡು. ಸಿಪ್ಪೆಯನ್ನು ಅಕ್ಕ ನೋಡಬಾರದೆಂದು ಮಗ್ಗದ ಹಾಳು ನೂಲು ತುಂಬುವ ಚೀಲದ ತಳಕ್ಕೆ ತುರುಕುತ್ತಿದ್ದೆ. ನನ್ನ ಹೆಂಡತಿ ನೋಡಿ, "ನಿಮ್ಮ ಅಕ್ಕಗ ಬಾಯಿ ಬಿಟ್ಟ ಹೇಳ್ರೆಲ್ಲ, ನನಗ ಸೇರೂದಿಲ್ಲ ಅಂತ. ಆಕಿ ಬಿಸಲಾಗ ಬರ್ತಾಳ," ಎಂದಳು. ನಾಳೆ ಹೇಳಿದರಾಯಿತು ಎಂದೆ. ಆ ನಾಳೆ ನಾಲ್ಕು ವರ್ಷ ಬರಲಿಲ್ಲ.

ತಿಂಗಳಾದ ಮೇಲೆ ರಕ್ತ ತಪಾಸಿಸಿದರು. ಏರಿತ್ತು! ಅಕ್ಕ ಆ ಕಾಗದವನ್ನು ತಲೆಕೆಳಗಾಗಿ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ಹೇಳ ತಮ್ಮಾ, ಗುಳಗಿ ತಗೊಂಡಿಲ್ಲ ಹೌದಲ್ಲೋ?"

"ಇಲ್ಲ."

"ಮತ್ತ ಹೆಂಗ ಆರಾಮ ಆದಿ?"

"ನಿನ್ನ ತಪ್ಪಲದಿಂದ ಯಕ್ಕಾ."

ನನ್ನ ಹೆಂಡತಿ ಒಳಗೆ ಎದ್ದು ಹೋದಳು. ಕಿಟಕಿಯ ಹೊರಗಿಂದ ಆಡು ಒಂದು ಸಲ ಕೂಗಿತು.

ಅಂದಿನಿಂದ ನಾನು ಅಕ್ಕನ ಸಾಕ್ಷಿಯಾದೆ. ಸಂತೆಯಲ್ಲಿ, ಗುಡಿಯಲ್ಲಿ, ಗಿರಣಿಯಲ್ಲಿ ಎಲ್ಲಿ ಸಿಕ್ಕರೂ ಹಿಡಿದು ನಿಲ್ಲಿಸಿ, ನನ್ನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದು, ಜೊತೆಗಿದ್ದ ಹೆಂಗಸರಿಗೆ ತೋರಿಸುವಳು. "ನೋಡ್ರಿ, ಹೆಂಗ ಕೆಂಪಗೈತಿ! ಬರೇ ತಪ್ಪಲದ ಮ್ಯಾಲ!" ಬನಹಟ್ಟಿಯಲ್ಲಿ ನನ್ನ ರೆಪ್ಪೆಯ ಒಳಗನ್ನು ನೋಡದ ಹೆಂಗಸು ಈಗ ಯಾರೂ ಉಳಿದಿಲ್ಲ. ಚಿಮ್ಮಡದಿಂದ ಇಬ್ಬರು ಆಟೋ ಮಾಡಿಕೊಂಡು ಬಂದು ನೋಡಿ ಹೋದರು!

ನಗುತ್ತಲೇ ಇದ್ದೆ. ಈ ವರ್ಷದವರೆಗೆ.

ಈ ಬೇಸಿಗೆಯಲ್ಲಿ ಅಕ್ಕ ನಡೆಯುವಾಗ ನಡುನಡುವೆ ನಿಲ್ಲತೊಡಗಿದಳು. ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ಉಸಿರು ತೆಗೆದುಕೊಳ್ಳುವಳು. ಮುಖ ಬಿಳುಪಾಗಿತ್ತು. ಮಗಳು ಜಬರದಸ್ತಿಯಿಂದ ಅದೇ ಡಾಕ್ಟರಮ್ಮನ ಹತ್ತಿರ ಒಯ್ದಳು. ರಕ್ತ ಬಹಳ ಕಡಿಮೆಯಾಗಿದೆ, ಬರೇ ಊಟದಿಂದ ಏರುವಂಥದ್ದಲ್ಲ, ಗುಳಿಗೆ ಬಿಡಬೇಡಿ, ಬಿಟ್ಟರೆ ಎದೆಗೆ ಭಾರ ಬೀಳುತ್ತದೆ ಎಂದು ಅವರು ಹೇಳಿದರು.

ಎಂಟು ದಿನ ಕಳೆದ ಮೇಲೆ ಆ ಹುಡುಗಿ ನನ್ನ ಮಗ್ಗದ ಹತ್ತಿರ ಬಂದು ನಿಂತಳು. ಖಟಖಟದಲ್ಲಿ ಮಾತು ಕೇಳಿಸಲಿಲ್ಲ. ಮಗ್ಗ ನಿಲ್ಲಿಸಿದೆ.

"ಮಾಮಾ, ಅವ್ವ ಒಂದ ಗುಳಗೀನೂ ತಗೊಂಡಿಲ್ಲರಿ. ಎಲ್ಲಾ ನುಗ್ಗಿ ಗಿಡದ ಬುಡಕ್ಕ ಹುಗದಾಳ. ಕೇಳಿದ್ರ, ಗಿಡದಾಗ ಕಬ್ಬಿಣ ಇನ್ನಷ್ಟ ಏರತೈತಿ ಅಂತಾಳ! ನನ್ನ ತಮ್ಮ ಗುಳಗಿ ಇಲ್ಲದ ಆರಾಮ ಆದಾನ, ನಾ ಯಾಕ ಆಗೂದಿಲ್ಲ ಅಂತಾಳ. ನೀವ ಹೇಳ್ರಿ ಮಾಮಾ. ನಿಮ್ಮ ಮಾತ ಕೇಳ್ತಾಳ."

ನಗಬೇಕೆಂದರೂ ನಗು ಬರಲಿಲ್ಲ.

ಅವತ್ತೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ. ಪಡಸಾಲೆಯಲ್ಲಿ ಅಕ್ಕನ ಸುತ್ತ ಓಣಿಯ ನಾಲ್ಕು ಹೆಂಗಸರು ಕೂತು ತಪ್ಪಲ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಅಕ್ಕನ ಮುಖ ಅರಳಿತು.

"ಬಾ ಬಾ. ಹೇಳ ಇವರಿಗೆ. ಗುಳಗಿ ಬಿಡಬ್ಯಾಡ ಅಂತ ನನಗ ಬುದ್ಧಿ ಹೇಳಾಕತ್ತಾರ! ನೀ ಒಂದ ಗುಳಗಿ ಆದ್ರೂ ನುಂಗಿಯೇನ? ಹೌದಲ್ಲೋ ತಮ್ಮಾ?"

ನಾಲ್ಕು ಜನ ನನ್ನ ಬಾಯಿ ನೋಡಿದರು. ಅಕ್ಕನೂ ನೋಡಿದಳು. ಆ ನಾಲ್ವರ ಮುಂದೆ ಅವಳನ್ನು ಹೇಗೆ ಕೆಳಗಿಳಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು! ಕೆಳಗಿಳಿಯುವವನು ನಾನಾಗಿದ್ದೆ, ಅದಕ್ಕೇ ಹೆದರಿದೆ.

"ಹೌದು ಯಕ್ಕಾ," ಎಂದೆ. ಚಹಾ ಕುಡಿದೆ. ಎದ್ದು ಬಂದೆ.

ಮೂರನೆಯ ದಿನ ಬೆಳಿಗ್ಗೆ ತಪ್ಪಲ ಇಳಿಸಲು ಕೋಲೆತ್ತಿದ ಅಕ್ಕ ಹಾಗೆಯೇ ಕಣ್ಣು ಕತ್ತಲಾಗಿ ಗಿಡದ ಬುಡದಲ್ಲಿ ಕುಸಿದಳು. ಭಾವ ಎತ್ತಿ ತಂದು ಮಲಗಿಸಿದ. ಸುದ್ದಿ ಕೇಳಿ ಓಡಿದೆ. ಓಡುವ ಅವಸರದಲ್ಲಿಯೂ ಕಾಲುಗಳು ತಳ್ಳುಗಾಡಿಯ ಮುಂದೆ ನಿಂತವು. ಜಡ್ಡಿನವರನ್ನು ನೋಡಲು ಖಾಲಿ ಕೈಯಲ್ಲಿ ಹೋಗಬಾರದಲ್ಲ! ನಾಲ್ಕು ಮೋಸಂಬಿ ತೆಗೆದುಕೊಂಡು, ಯಾರ ಮನೆಗೆ ಒಯ್ಯುತ್ತಿದ್ದೇನೆಂದು ಆಮೇಲೆ ನೆನಪಾಗಿ, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಚ್ಚಿಕೊಂಡೆ.

ಅಕ್ಕ ಗೋಡೆಗೆ ಆನಿಕೊಂಡು ಕೂತಿದ್ದಳು. ಕೂದಲಲ್ಲಿ ಇನ್ನೂ ಎರಡು ನುಗ್ಗೆ ಎಲೆ. ಅಂದು ನೋಡಲಿಕ್ಕೆ ಬೇರೆ ಯಾರೂ ಬಂದಿರಲಿಲ್ಲ. ಅವಳ ಕೆಳಗಿನ ರೆಪ್ಪೆಯನ್ನು ಮೊದಲ ಸಲ ನಾನು ಹೆಬ್ಬೆರಳಿನಿಂದ ಎಳೆದು ನೋಡಿದೆ. ಹತ್ತಿಯಂತೆ ಬೆಳ್ಳಗಿತ್ತು.

"ಯಕ್ಕಾ, ನಾ ನಿನ್ನ ಪಲ್ಲೆ ತಿಂದಿಲ್ಲ."

"ಏನು?"

"ಜಡ್ಡಿನ್ಯಾಗ. ನೀ ತಂದ ಪಲ್ಲೆ ಎಲ್ಲಾ ಬಾಜೂ ಮನಿ ಆಡಿಗೆ ಹಾಕೇನಿ. ಗುಳಗಿ ತಗೊಂಡ ಆರಾಮ ಆದೆ."

ಅಕ್ಕ ಕೂದಲಲ್ಲಿದ್ದ ಒಂದು ಎಲೆ ತೆಗೆದು ಬೆರಳಲ್ಲಿ ತಿರುಗಿಸಿದಳು. ಆಚೆ ಮಗ್ಗದ ಮನೆಯಲ್ಲಿ ಸದ್ದಿರಲಿಲ್ಲ. ಅವಳಿಗೆ ಸದ್ದಾಗದಿರಲಿ ಎಂದು ಭಾವನೇ ನಿಲ್ಲಿಸಿದನೋ, ಕರೆಂಟೇ ಹೋಯಿತೋ.

"ಒಂದ ದಿನಾನೂ ತಿನ್ನಲಿಲ್ಲ?"

"ಮೊದಲನೇ ದಿನ ಎರಡ ತುತ್ತ."

"ರೊಟ್ಟಿ?"

"ರೊಟ್ಟಿ ನಾನ ತಿಂದೆ."

"ಇಡೀ ತಿಂಗಳ ಪಲ್ಲೆ ಆಡಿಗೆ?"

"ಹ್ಞೂಂ."

ಅಕ್ಕ ಲೆಕ್ಕ ಹಾಕುವವಳಂತೆ ಕಣ್ಣು ಕಿರಿದು ಮಾಡಿದಳು. ಆಮೇಲೆ ಆ ಬಿಳುಚಿದ ಮುಖದಲ್ಲಿ ಸಣ್ಣಗೆ ಗೆಲುವು ಮೂಡಿತು.

"ಆ ಆಡ ಆ ವರ್ಷ ಮೂರ ಮರಿ ಹಾಕಿತ್ತ, ಹೌದಿಲ್ಲೋ?"

ಹೌದು, ಹಾಕಿತ್ತು! ಅಂಥ ಹೊತ್ತಿನಲ್ಲಿಯೂ ಸೋಲಲಿಲ್ಲ ನಮ್ಮಕ್ಕ. ಬಾಗಿಲಲ್ಲಿ ನಿಂತ ಅವಳ ಮಗಳು ಅಳುತ್ತ ಅಳುತ್ತ ನಕ್ಕುಬಿಟ್ಟಳು. ನಾನು ಮಾತ್ರ ಇನ್ನೂ ಹೇಳಬೇಕಾಗಿತ್ತು.

"ಬರೇ ಗುಳಗಿ ಅಲ್ಲ ಯಕ್ಕಾ. ಕದ್ದ ಮೋಸಂಬೀನೂ ತಿಂದೆ. ದಿನಾ ಎರಡ."

ಈ ಮಾತಿಗೆ ಅಕ್ಕ ನಗಲಿಲ್ಲ. ಬೈಯಲೂ ಇಲ್ಲ.

"ಅವತ್ತೂ ನೀನ ತಿಂದಿ," ಎಂದಳು ಮೆಲ್ಲಗೆ.

ಯಾವತ್ತು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ನನಗೆ ಆರು, ಅವಳಿಗೆ ಹತ್ತು. ನನಗೆ ಜ್ವರ ಬಂದಿತ್ತು, ಅಪ್ಪ ಜಮಖಂಡಿಯಿಂದ ಒಂದೇ ಒಂದು ಮೋಸಂಬಿ ತಂದಿದ್ದ. ಅವ್ವ ಸುಲಿದು ಒಂದೊಂದೇ ತೊಳೆ ನನ್ನ ಬಾಯಿಗೆ ಹಾಕುತ್ತಿದ್ದಳು. ಬಾಗಿಲ ಚೌಕಟ್ಟು ಹಿಡಿದು ಅಕ್ಕ ನಿಂತಿದ್ದಳು. ಬೇಡಲಿಲ್ಲ, ಬರೇ ನೋಡುತ್ತಿದ್ದಳು. ಅವ್ವ ಅವಳ ಕಡೆ ತಿರುಗದೆಯೇ ಹೇಳಿದಳು: "ಅದರಾಗ ಏನೂ ಇಲ್ಲವಾ, ಬರೇ ನೀರ. ಜಡ್ಡಿನವರಿಗೆ ಅಷ್ಟ. ನಿನಗ ನುಗ್ಗಿ ಪಲ್ಲೆ ಮಾಡೇನಿ. ಭಾಳ ಶಕ್ತಿ ಐತಿ ಅದರಾಗ."

ಹತ್ತು ವರ್ಷದ ಹುಡುಗಿ ಆ ಮಾತು ನಂಬಿದಳು. ಅಥವಾ ನಂಬುವುದೇ ಒಳ್ಳೆಯದೆಂದು ಕಂಡಿತೋ, ಯಾರಿಗೆ ಗೊತ್ತು? ನಾನು ಎಲ್ಲಾ ತೊಳೆ ತಿಂದು, ಸಿಪ್ಪೆ ಅವಳ ಕಡೆ ಚಾಚಿ, "ವಾಸನಿ ನೋಡ" ಎಂದಿದ್ದೆ. ಅವಳು ಅದನ್ನು ಸಾಲಿಯ ಚೀಲದಲ್ಲಿ ಹಾಕಿಕೊಂಡು ಒಣಗುವವರೆಗೆ ಮೂಸಿ ನೋಡಿದ್ದನ್ನು ನಾನು ಕಂಡಿದ್ದೇನೆ. ಒಂದೇ ಒಂದು ತೊಳೆ ಕೊಡಬಹುದಾಗಿತ್ತು. ಕೊಡಲಿಲ್ಲ.

ಮಗಳು ಗುಳಿಗೆಯ ಹೊಸ ಚೀಟಿ ತಂದಳು. "ಯವ್ವಾ, ಡಾಕ್ಟರಮ್ಮ ಇನ್ನೊಂದ ಮಾತ ಹೇಳ್ಯಾರ. ತಪ್ಪಲ ಬಿಡಬ್ಯಾಡ್ರಿ, ಆದ್ರ ಅದರ ಜೋಡಿ ಹುಳಿ ಹಣ್ಣ ಬೇಕ. ಹಣ್ಣಿನ ಸತ್ವ ಇದ್ರ ತಪ್ಪಲದಾಗಿನ ಕಬ್ಬಿಣ ಮೈಗೆ ಛಲೋ ಹತ್ತತೈತಿ. ಗುಳಗೀನೂ ಹಂಗ. ಊಟದ ಮ್ಯಾಲ ತಕ್ಷಣ ಚಹಾ ಮಾತ್ರ ಬ್ಯಾಡ."

ಕಡ ತಂದ ಹಣ್ಣನ್ನು ಒಂದು ತಟ್ಟೆಯಲ್ಲಿ, ಹಿತ್ತಲ ಎಲೆಯನ್ನು ಇನ್ನೊಂದರಲ್ಲಿ ಇಟ್ಟು ತೂಗಿದ್ದೆವಲ್ಲ ನಾವು? ಎರಡನ್ನೂ ಒಂದೇ ತಾಟಿನಲ್ಲಿ ಇಡಬೇಕಿತ್ತಂತೆ! ಅಕ್ಕ ಒಂದು ಕ್ಷಣ ಯೋಚಿಸಿ, "ನಾನೂ ಅದನ್ನ ಹೇಳ್ತಿದ್ದೆ. ಮಗ್ಗದಾಗ ಹಾಸ ಒಂದ ಇದ್ರ ಬಟ್ಟಿ ಆಕ್ಕೈತೇನ? ಹೊಕ್ಕೂ ಬೇಕ," ಎಂದಳು. ಯಾವಾಗ ಹೇಳಿದ್ದಳು? ಕೇಳುವ ಧೈರ್ಯ ಯಾರಿಗಿದೆ!

ಗುಳಿಗೆ ನುಂಗಿದಳು. ನಮ್ಮೆಲ್ಲರ ಎದುರಿಗೇ ನುಂಗಿ, ಬಾಯಿ ತೆರೆದು ತೋರಿಸಿದಳು ಕೂಡ.

ನಾನು ಟವೆಲ್ಲು ಬಿಚ್ಚಿದೆ. ಅಕ್ಕ ಹಣ್ಣು ನೋಡಿದಳು, ಮುಖ ತಿರುಗಿಸಲಿಲ್ಲ. ಸುಲಿದು, ನಾರು ತೆಗೆದು, ಮೊದಲ ತೊಳೆ ಅವಳ ಕೈಯಲ್ಲಿಟ್ಟೆ. ಅವಳು ಅದನ್ನು ಎರಡು ಮಾಡಿ ಅರ್ಧ ನನ್ನ ಕಡೆ ಚಾಚಿದಳು.

"ಬ್ಯಾಡ ಯಕ್ಕಾ. ಇದು ನಿಂದು. ಎಲ್ಲಾ ನಿಂದು."

ತಿಂದಳು. ಒಂದಾದ ಮೇಲೆ ಒಂದು, ಅವಸರವಿಲ್ಲದೆ, ಕಣ್ಣು ಮುಚ್ಚಿಕೊಂಡು, ಇಡೀ ಹಣ್ಣು.

"ಹೆಂಗೈತಿ?" ಎಂದು ಕೇಳಿದೆ.

"ಏನೈತಿ ಇದರಾಗ? ಬರೇ ನೀರ," ಎಂದಳು. ಎಂದು, ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದಕ್ಕೆ ಕೈ ಚಾಚಿದಳು.

ಮೊದಲನೆಯ ಹಣ್ಣಿನ ಸಿಪ್ಪೆಯನ್ನು ನಾನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬಂದೆ.